ಕಂಬಿ ಇಲ್ಲದ ಗೋಪುರ: ಸ್ವೇ ಊರಿನ ‘ಪೀಟರ್ಸನ್ ಹುಚ್ಚಾಟ’ದ ಪ್ರಕರಣ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಹತ್ತಿರ, ಹ್ಯಾಂಪ್‌ಷೈರ್‌ನ ನ್ಯೂ ಫಾರೆಸ್ಟ್ ಕಾಡಿನ ಅಂಚಿಗೆ ಸ್ವೇ ಎಂಬ ಹಳ್ಳಿ ಇದೆ. ಮನೆಗಳೂ ಮರಗಳೂ ತಗ್ಗಾಗಿಯೇ ಇರುವ ಆ ಊರಿನಲ್ಲಿ ಬೂದು ಬಣ್ಣದ ಒಂದು ಚೌಕ ಗೋಪುರ ಮಾತ್ರ 66 ಮೀಟರ್, ಅಂದರೆ 218 ಅಡಿ ಎತ್ತರಕ್ಕೆ ಎದ್ದಿದೆ. ಅದು ಕೋಟೆಯ ಬುರುಜಲ್ಲ, ಚರ್ಚಿನ ಗೋಪುರವಲ್ಲ, ಕಾರ್ಖಾನೆಯ ಚಿಮಣಿಯೂ ಅಲ್ಲ. ಇಂಥ ಕಟ್ಟಡಕ್ಕೆ ಇಂಗ್ಲಿಷರು ‘ಫಾಲಿ’ ಎನ್ನುತ್ತಾರೆ. ಹಣ ಇದ್ದವನು, ಯಾವ ಉಪಯೋಗವೂ ಎದುರಿಗೆ ಕಾಣದೆ, ಹಠಕ್ಕೋ ಚೆಂದಕ್ಕೋ ನೆನಪಿಗೋ ಕಟ್ಟಿಸಿದ್ದು ಎಂದು ಅರ್ಥ. ನಮ್ಮ ಮಾತಿನಲ್ಲಿ ಹುಚ್ಚಾಟ ಎನ್ನಬಹುದು, ಆದರೆ ಈ ಗೋಪುರದ ಮಟ್ಟಿಗೆ ಆ ಹೆಸರು ಅನ್ಯಾಯದ್ದು.

1879ರಲ್ಲಿ ಕೆಲಸ ಶುರುವಾಗಿ 1885ಕ್ಕೆ ಮುಗಿಯಿತು. ಕಟ್ಟಿಸಿದವರು ಆಂಡ್ರ್ಯೂ ಥಾಮಸ್ ಟರ್ಟನ್ ಪೀಟರ್ಸನ್, ಕಲ್ಕತ್ತೆಯಲ್ಲಿ ವಕೀಲಿ ಮಾಡಿ ಸಾಕಷ್ಟು ಗಳಿಸಿ ಇಂಗ್ಲೆಂಡಿಗೆ ಮರಳಿದವರು. ಇಡೀ ಗೋಪುರ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಕಾಂಕ್ರೀಟು. ಗೋಡೆಯೊಳಗೆ ಕಂಬಿ ಇಲ್ಲ. ಕಬ್ಬಿಣ ಎಂಬುದು ಇದ್ದರೆ ಕಿಟಕಿಗಳ ಆಧಾರಕ್ಕೆ ಮಾತ್ರ. ಕಂಬಿ ಹಾಕದ ಕಾಂಕ್ರೀಟಿನ ಕಟ್ಟಡಗಳಲ್ಲಿ ಜಗತ್ತಿನಲ್ಲೇ ಅತಿ ಎತ್ತರದ್ದು ಎಂಬ ಹೆಸರು ಇಂದಿಗೂ ಇದಕ್ಕಿದೆ.

ಇದು ಹೇಗೆ ನಿಂತಿದೆ ಎಂದು ಕೇಳಿದರೆ ಊರಿನ ಕಡೆಯಿಂದ ಬರುವ ಮೊದಲ ಉತ್ತರವೇ ಒಂದು ಪ್ರೇತದ ಕಥೆ. ಸತ್ತು ಒಂದೂವರೆ ಶತಮಾನ ಕಳೆದಿದ್ದ ವಾಸ್ತುಶಿಲ್ಪಿಯೊಬ್ಬರ ಆತ್ಮ ಬಂದು ನಕ್ಷೆ ಕೊಟ್ಟಿತಂತೆ. ಕಥೆ ಸೊಗಸಾಗಿದೆ. ಆದರೆ ಅದನ್ನು ಹೇಳುತ್ತಾ ಹೇಳುತ್ತಾ ಆರು ವರ್ಷ ಬಾಂಡ್ಲಿ ಹೊತ್ತವರ ಕೆಲಸ ಮರೆಯಾಗಿದೆ. ದಂತಕಥೆಗಳನ್ನು ಒಂದೊಂದಾಗಿ ಜರಡಿ ಹಿಡಿದು, ಗೋಡೆ ಏರಿದ ಬಗೆಯನ್ನೂ ಅದು ಬೀಳದಿರುವ ಕಾರಣವನ್ನೂ ಲೆಕ್ಕ ಹಾಕಿ ನೋಡುವುದು ಈ ಬರಹದ ಕೆಲಸ.

ಕಾಲ ಹೇಗಿತ್ತು

ಪೀಟರ್ಸನ್ ಹುಟ್ಟಿದ್ದು 1813ರಲ್ಲಿ. ಗೋಪುರಕ್ಕೆ ಕೈ ಹಾಕುವಾಗ ಅವರಿಗೆ 66 ದಾಟಿತ್ತೋ ದಾಟುವುದರಲ್ಲಿತ್ತೋ, ಅಂತೂ ವಿಶ್ರಾಂತಿಯ ವಯಸ್ಸು. ಅದೇ ಹೊತ್ತಿಗೆ ಇಂಗ್ಲೆಂಡಿನ ಬೇಸಾಯ ನೆಲಕಚ್ಚಿತ್ತು. 1870ರ ದಶಕದಲ್ಲಿ ಅಮೆರಿಕದ ಅಗ್ಗದ ಗೋಧಿ ಹಡಗುಗಳಲ್ಲಿ ಬಂದು ಸುರಿಯಿತು. 1879ರ ಬೇಸಿಗೆಯಂತೂ ಮಳೆ ಹಿಡಿದು ಪೈರು ಕೊಳೆತು ಹೋದ ವರ್ಷ. ಹೊಲದ ಕೂಲಿಯವರಿಗೆ ಕೆಲಸ ಇರಲಿಲ್ಲ. ಸ್ವೇ ಗೋಪುರದ ಪಾಯ ಬಿದ್ದದ್ದು ಅದೇ ವರ್ಷ ಎನ್ನುವುದನ್ನು ನೆನಪಿನಲ್ಲಿಡಬೇಕು.

ಇನ್ನೊಂದು ಕಡೆ, ಆ ಕಾಲದ ಇಂಗ್ಲೆಂಡಿನಲ್ಲಿ ಪ್ರೇತವಿದ್ಯೆಯ ಗೀಳು ಜೋರಾಗಿತ್ತು. ಓದಿದವರು, ವಕೀಲರು, ವಿಜ್ಞಾನಿಗಳು ಕೂಡ ಕತ್ತಲ ಕೋಣೆಯಲ್ಲಿ ಮೇಜಿನ ಸುತ್ತ ಕೂತು, ಮೈದುಂಬಿ ಮಾತಾಡುವವರ ಬಾಯಿಂದ ಸತ್ತವರ ಮಾತು ಕೇಳುತ್ತಿದ್ದರು. ಸ್ವೇ ಪಕ್ಕದ ಹಾರ್ಡಲ್‌ನಲ್ಲಿ ಮೇರಿ ಆ್ಯನ್ ಗರ್ಲಿಂಗ್ ಎಂಬ ಹೆಂಗಸಿನ ಹಿಂದೆ ಒಂದು ಪಂಥವೇ ಬೆಳೆದಿತ್ತು. ಭಜನೆಯಲ್ಲಿ ಮೈ ನಡುಗಿಸಿ ಕುಣಿಯುತ್ತಿದ್ದ ಅವರನ್ನು ಜನ ‘ನ್ಯೂ ಫಾರೆಸ್ಟ್ ಶೇಕರ್‌ಗಳು’ ಎಂದು ಕರೆದರು. 1874ರ ಡಿಸೆಂಬರ್ ಚಳಿಯಲ್ಲಿ ಸಾಲ ಬಾಕಿಯ ಮೇಲೆ ಅವರನ್ನು ಮನೆಯಿಂದ ಹೊರಹಾಕಿದಾಗ ಹಾಸಿಗೆ, ಪಾತ್ರೆ, ಮಕ್ಕಳು ಎಲ್ಲ ರಸ್ತೆ ಪಾಲಾದರು. ಪೀಟರ್ಸನ್ ಈ ಪಂಥದ ಬಗ್ಗೆ ಕುತೂಹಲ, ಮರುಕ ಎರಡೂ ಇದ್ದ ನೆರೆಯವರು. ಗೋಪುರದ ಕಥೆಗೆ ಪ್ರೇತ ಹೊಕ್ಕಿದ್ದು ಈ ಬಾಗಿಲಿನಿಂದ.

ಐದು ಕಥೆಗಳು, ಐದು ತೂಕ

ಮೊದಲನೆಯದು ಕ್ರಿಸ್ಟೋಫರ್ ರೆನ್ ಅವರ ಆತ್ಮದ ಕಥೆ. ಲಂಡನ್ನಿನ ಸೇಂಟ್ ಪಾಲ್ಸ್ ಕ್ಯಾಥೆಡ್ರಲ್ ಕಟ್ಟಿದ ರೆನ್ 1632ರಲ್ಲಿ ಹುಟ್ಟಿ 1723ರಲ್ಲಿ ತೀರಿಕೊಂಡವರು. ಸತ್ತವರ ಮಾತು ಹೇಳುವವನೊಬ್ಬನ ಮೈಮೇಲೆ ಬಂದು ಅವರು ಗೋಪುರದ ವಿನ್ಯಾಸ ಹೇಳಿಕೊಟ್ಟರು, ಕಾಂಕ್ರೀಟಿನಲ್ಲೇ ಕಟ್ಟು ಎಂದರು ಎಂಬುದು ಕಥೆ. ಪೀಟರ್ಸನ್ ಇದನ್ನು ಮನಸಾರೆ ನಂಬಿದ್ದರು ಎನ್ನುವುದನ್ನು ಅನುಮಾನಿಸಬೇಕಿಲ್ಲ. ಪರೀಕ್ಷಿಸಬೇಕಾದದ್ದು ಸಾಮಗ್ರಿಯನ್ನು. ಜೋಸೆಫ್ ಆಸ್ಪ್‌ಡಿನ್ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಪೇಟೆಂಟ್ ಪಡೆದದ್ದು 1824ರಲ್ಲಿ, ರೆನ್ ಸತ್ತು 101 ವರ್ಷಕ್ಕೆ. ರೆನ್ ಬದುಕಿಡೀ ದುಡಿದದ್ದು ಕೆತ್ತಿದ ಕಲ್ಲು, ಇಟ್ಟಿಗೆ, ಮರ, ಸೀಸ, ಸುಣ್ಣದ ಗಾರೆಯಲ್ಲಿ. ಸ್ವೇ ಗೋಪುರದ ಜಾಣತನ ಇರುವುದು ಹಲಗೆ ಕಟ್ಟುವ, ಮಿಶ್ರಣ ಹದಗೊಳಿಸುವ, ಕಾಯುವ ಕೆಲಸದಲ್ಲಿ. ಅದು 1860ರ ದಶಕದ ಇಂಗ್ಲಿಷ್ ಕಾಂಕ್ರೀಟ್ ಕಸುಬಿನವರ ಜ್ಞಾನ.

ಎರಡನೆಯದು ಭಾರತದ ಪ್ರಭಾವ. ಪೀಟರ್ಸನ್ ಅಲ್ಲಿ ಕಂಡ ಗೋಪುರಗಳೇ ಮಾದರಿ ಎನ್ನುತ್ತಾರೆ. ಆಕಾರದ ಮಟ್ಟಿಗೆ ಇರಬಹುದು: ಒಂಟಿಯಾಗಿ ಎದ್ದ ತೆಳ್ಳನೆಯ ಮೈ, ಸಾಲು ಕಿಟಕಿ. ಸಾಮಗ್ರಿಯ ಮಟ್ಟಿಗೆ ಈ ಮಾತು ನಿಲ್ಲುವುದಿಲ್ಲ. ಆಗ ಭಾರತದಲ್ಲಿ ಕಟ್ಟುತ್ತಿದ್ದುದು ಸುಣ್ಣ ಮತ್ತು ಸುರ್ಕಿಯ, ಅಂದರೆ ಇಟ್ಟಿಗೆ ಪುಡಿಯ ಗಾರೆಯಲ್ಲಿ. 1911ರಲ್ಲಿ ಶುರುವಾದ ನಮ್ಮ ಕೃಷ್ಣರಾಜಸಾಗರ ಅಣೆಕಟ್ಟಿಗೂ ಬಳಸಿದ್ದು ಸುರ್ಕಿ ಗಾರೆಯನ್ನೇ. ಅಚ್ಚಿನಲ್ಲಿ ಸುರಿದು ಒತ್ತುವ ಪೋರ್ಟ್‌ಲ್ಯಾಂಡ್ ಸಿಮೆಂಟಿನ ಗೋಡೆಯನ್ನು ಅವರು ಕಲಿತದ್ದು ಇಂಗ್ಲೆಂಡಿನಲ್ಲೇ.

ಮೂರನೆಯದು, ಬರೀ ಕಾಂಕ್ರೀಟಿನಿಂದ ಎಷ್ಟು ಎತ್ತರ ಹೋಗಬಹುದು ಎಂದು ಜಗತ್ತಿಗೆ ತೋರಿಸುವ ಹಠ. ನಮ್ಮ ಪ್ರಕಾರ ಅತ್ಯಂತ ಗಟ್ಟಿಯಾದ ಕಾರಣ ಇದೇ. ಸಾಕ್ಷಿ ನೆಲದ ಮೇಲೆಯೇ ಇದೆ. ದೊಡ್ಡದಕ್ಕೆ ಮುಂಚೆ ಅದೇ ಬಗೆಯಲ್ಲಿ ಸಣ್ಣ ಗೋಪುರವೊಂದನ್ನು ಪೀಟರ್ಸನ್ ಕಟ್ಟಿಸಿದ್ದರು, ಅದು ಹತ್ತಿರದಲ್ಲಿ ಈಗಲೂ ನಿಂತಿದೆ. ಎಸ್ಟೇಟಿನ ಗೋಡೆಗಳಲ್ಲೂ ಕಟ್ಟಡಗಳಲ್ಲೂ ಕಾಂಕ್ರೀಟ್ ಬಳಸಿದ್ದರು. ಪ್ರೇತದ ಮಾತಿಗೇ ಕಟ್ಟಿದವರಾಗಿದ್ದರೆ ಮಾದರಿ ಕಟ್ಟಿ ಪರೀಕ್ಷಿಸುವ ಅಗತ್ಯ ಏನಿತ್ತು? ಸಣ್ಣದರಲ್ಲಿ ತಪ್ಪು ತಿದ್ದಿಕೊಂಡು ದೊಡ್ಡದಕ್ಕೆ ಹೋಗುವುದು ಅನುಭವಸ್ಥ ಮೇಸ್ತ್ರಿಯ ನಡೆ.

ನಾಲ್ಕನೆಯದು ನಿರುದ್ಯೋಗಿಗಳಿಗೆ ಕೆಲಸ ಕೊಡಲು ಎಂಬುದು. 1879ರ ಪರಿಸ್ಥಿತಿಗೆ ಇದು ಸರಿಯಾಗಿ ಕೂರುತ್ತದೆ, ಮೂರನೆಯದಕ್ಕೆ ಅಡ್ಡಿಯೂ ಅಲ್ಲ. ಐದನೆಯದು ಸಮಾಧಿಯ ಕಥೆ. ಅದನ್ನು ಕೊನೆಗೆ ನೋಡೋಣ.

ಇವುಗಳ ನಡುವೆ ‘ಸ್ವೇ’ ಎಂದರೆ ಇಂಗ್ಲಿಷಿನಲ್ಲಿ ತೂಗಾಡು, ಗೋಪುರ ಗಾಳಿಗೆ ತೂಗುವುದರಿಂದ ಊರಿಗೆ ಆ ಹೆಸರು ಎಂದು ಹೇಳುವವರೂ ಇದ್ದಾರೆ. 1086ರ ‘ಡೂಮ್ಸ್‌ಡೇ’ ಎಂಬ ಭೂ ದಾಖಲೆಯಲ್ಲೇ ಊರಿನ ಹೆಸರು ಇದೆ. ಗೋಪುರ ಬಂದದ್ದು ಎಂಟು ಶತಮಾನಗಳ ಮೇಲೆ.

ಗೋಡೆ ಏರಿದ ಬಗೆ

ಹೊರಗಡೆ ಸಾರುವೆ ಕಟ್ಟದೆ, ಒಳಗಿನಿಂದಲೇ ಮೇಲೇರಿ ಕಟ್ಟಿದ ಗೋಪುರ ಇದು. ಕೇಳಿದವರು ಇದನ್ನೂ ಪವಾಡದ ಪಟ್ಟಿಗೆ ಸೇರಿಸಿಬಿಡುತ್ತಾರೆ. ಆ ಕಾಲದ ಹಲಗೆ ಅಚ್ಚಿನ ಪದ್ಧತಿ ಗೊತ್ತಿದ್ದರೆ ಪವಾಡ ಬೇಕಿಲ್ಲ.

ಪದ್ಧತಿ ಹೀಗೆ. ಗೋಡೆಯ ಎರಡೂ ಮೈಗೆ ಹಲಗೆ ನಿಲ್ಲಿಸಿ, ಗೋಡೆಯನ್ನು ತೂರಿ ಹೋಗುವ ಬೋಲ್ಟುಗಳಿಂದ ಬಿಗಿಯುತ್ತಾರೆ. ಒಳಗೆ ಕಾಂಕ್ರೀಟನ್ನು 15 ಸೆಂ.ಮೀ. ಆಸುಪಾಸಿನ ಪದರಗಳಲ್ಲಿ ಹಾಕಿ ಮರದ ದಿಮ್ಮಿಯಿಂದ ಕುಟ್ಟುತ್ತಾರೆ. ಅಚ್ಚು ತುಂಬಿ ಗಟ್ಟಿಯಾದ ಮೇಲೆ ಹಲಗೆ ಬಿಚ್ಚಿ ಮೇಲಕ್ಕೆ ಸರಿಸಿ, ಕೆಳಗಿನ ಗಟ್ಟಿ ಗೋಡೆಗೇ ಆತುಕೊಳ್ಳುವಂತೆ ಮತ್ತೆ ಬಿಗಿಯುತ್ತಾರೆ. ಅಂದರೆ ಗೋಡೆಯೇ ಮುಂದಿನ ಗೋಡೆಗೆ ಏಣಿ. ಕೆಲಸದವರು ನಿಲ್ಲುವುದು ಒಳಗಿನ ಅಟ್ಟದ ಮೇಲೆ. ಗೋಪುರ ಏರಿದಂತೆ ಒಳಗಿನ ಅಂತಸ್ತುಗಳೂ ಮೆಟ್ಟಿಲೂ ಏರುತ್ತವೆ, ಸಾಮಾನು ಒಳಗಿನ ಖಾಲಿಯಲ್ಲೇ ಮೇಲೆ ಬರುತ್ತದೆ. ಒಂದೊಂದು ಅಚ್ಚು 60 ಸೆಂ.ಮೀ. ಎಂದರೆ 66 ಮೀಟರಿಗೆ 110 ಅಚ್ಚು.

ಜಲ್ಲಿಗೆ ಈ ಭಾಗದಲ್ಲಿ ಕೊರತೆಯಿಲ್ಲ. ನ್ಯೂ ಫಾರೆಸ್ಟಿನ ನೆಲದಡಿ ಚಕಮಕಿ ಕಲ್ಲಿನ ಜಲ್ಲಿ ಪದರ ಪದರವಾಗಿದೆ. ಆದರೆ ಚಕಮಕಿ ಜಲ್ಲಿ ನುಣುಪು; ಗಾರೆ ಅದನ್ನು ಹಿಡಿಯಬೇಕಾದರೆ ಮಣ್ಣು ಹೋಗುವಂತೆ ತೊಳೆದಿರಬೇಕು. ತೊಳೆಯದ ಜಲ್ಲಿ ಹಾಕಿದ ಕಡೆ ಕಲ್ಲು ಕಲ್ಲಾಗಿ ಉದುರುತ್ತದೆ. ಹಳೆಯ ಕಾಂಕ್ರೀಟ್ ಗೋಡೆಗಳಲ್ಲಿ ಜೇನುಗೂಡಿನಂತೆ ಕಾಣುವ ಜಾಗಗಳಿಗೆ ಒಂದು ಕಾರಣ ಇದು, ಇನ್ನೊಂದು ಸರಿಯಾಗಿ ಕುಟ್ಟದೆ ಬಿಟ್ಟದ್ದು.

ಈಗ ಪ್ರಮಾಣ ನೋಡಿ. ಗೋಪುರದ ಬದಿ 6 ಮೀಟರ್, ಗೋಡೆಯ ದಪ್ಪ ಬುಡದಲ್ಲಿ 60 ಸೆಂ.ಮೀ., ತುದಿಯಲ್ಲಿ 30 ಸೆಂ.ಮೀ. ಎಂದು ದುಂಡು ಅಂಕಿಗಳನ್ನು ಇಟ್ಟುಕೊಂಡರೆ ಹೊರಗೋಡೆಯ ಕಾಂಕ್ರೀಟ್ ಸುಮಾರು 650 ಘನ ಮೀಟರ್, ತೂಕ ಸುಮಾರು 1,500 ಟನ್. ಆರು ವರ್ಷಕ್ಕೆ ಹಂಚಿದರೆ ವಾರಕ್ಕೆ ಎರಡು ಘನ ಮೀಟರ್ ಚಿಲ್ಲರೆ. ಒಂದು ಹೇರಿಗೆ 50 ಕೆ.ಜಿ. ಎಂದರೆ ವಾರಕ್ಕೆ ನೂರು ಹೇರು, ಒಟ್ಟು 30,000. ಎತ್ತರ ವಾರಕ್ಕೆ ಸರಾಸರಿ 21 ಸೆಂ.ಮೀ., ಅಂದರೆ ಒಂದು ಗೇಣಿನಷ್ಟೇ ಏರಿಕೆ.

ಈ ನಿಧಾನವನ್ನು ಸೋಮಾರಿತನ ಎಂದು ಓದಬಾರದು. ಗೋಪುರದ ಗುಟ್ಟು ಇಲ್ಲೇ ಇದೆ. ಆ ಕಾಲದ ಸಿಮೆಂಟನ್ನು ಬೀಸುಕಲ್ಲಿನಲ್ಲಿ ಪುಡಿ ಮಾಡುತ್ತಿದ್ದರು, ಕಣ ಒರಟು. ಒರಟು ಸಿಮೆಂಟ್ ಬೇಗ ಗಟ್ಟಿಯಾಗುವುದಿಲ್ಲ, ಆದರೆ ತಿಂಗಳು ವರ್ಷ ಕಳೆದಂತೆ ಬಲ ಕೂಡಿಕೊಳ್ಳುತ್ತಲೇ ಹೋಗುತ್ತದೆ. ಮೇಲಿನ ಭಾರ ವಾರಕ್ಕೊಂದು ಗೇಣು ಮಾತ್ರ ಬೆಳೆದದ್ದರಿಂದ ಕೆಳಗಿನ ಗೋಡೆ ಹೊರಬೇಕಾದ ಹೊತ್ತಿಗೆ ಹೊರುವ ಶಕ್ತಿ ಪಡೆದಿರುತ್ತಿತ್ತು. ಇದೇ ಸಿಮೆಂಟಿನಲ್ಲಿ ಇದೇ ಗೋಪುರವನ್ನು ಒಂದೇ ವರ್ಷದಲ್ಲಿ ಎಬ್ಬಿಸಲು ಹೊರಟಿದ್ದರೆ, ಮಂಜು ಬೀಳುವ ತಿಂಗಳುಗಳಲ್ಲೂ ಸುರಿಯಬೇಕಾಗಿ ಬಂದು ಕೆಲಸ ಕೆಡುತ್ತಿತ್ತು. ಹಸಿ ಕಾಂಕ್ರೀಟಿನೊಳಗಿನ ನೀರು ಹೆಪ್ಪುಗಟ್ಟಿದರೆ ಆ ಪದರ ಮುಂದೆಂದೂ ಪೂರ್ತಿ ಬಲ ಪಡೆಯುವುದಿಲ್ಲ.

ನಿಧಾನಕ್ಕೆ ಕೊಡಬೇಕಾದ ಬೆಲೆ ಬೆಸುಗೆಗಳಲ್ಲಿದೆ. ನಿನ್ನೆಯ ಕಾಂಕ್ರೀಟಿನ ಮೇಲೆ ಇಂದಿನದು ಕೂತಾಗ ನಡುವೆ ಒಂದು ಅಡ್ಡಗೆರೆ ಉಳಿಯುತ್ತದೆ. ಕುಟ್ಟುವಾಗ ಮೇಲೆ ತೇಲಿ ಬಂದ ಬಿಳಿ ಕೆನೆಯನ್ನು ಕೆರೆದು, ತೊಳೆದು, ಒದ್ದೆ ಇರುವಾಗಲೇ ಸಿಮೆಂಟ್ ಹಾಲು ಬಳಿದು ಹೊಸದನ್ನು ಹಾಕಿದರೆ ಬೆಸುಗೆ ಹಿಡಿಯುತ್ತದೆ. ಕೆನೆ ಹಾಗೆಯೇ ಬಿಟ್ಟರೆ ಅದು ಬಿಸ್ಕತ್ತಿನ ಪದರದಂತೆ ಮೆತ್ತಗೆ ಉಳಿದು ನೀರಿಗೆ ದಾರಿಯಾಗುತ್ತದೆ. ಬೋಲ್ಟು ಕಿತ್ತ ತೂತುಗಳದ್ದೂ ಅದೇ ಕಥೆ. ಎರಡೂ ಕಡೆಯಿಂದ ಗಾರೆ ಒತ್ತಿ ತುಂಬಬೇಕು. ಹೊರಬಾಯಿಗೆ ಮಾತ್ರ ಕರಣೆಯಲ್ಲಿ ಸವರಿ ಬಿಟ್ಟರೆ ಒಳಗೆ ಕೊಳವೆ ಉಳಿದೇ ಇರುತ್ತದೆ.

ಬೀಳುವುದಿಲ್ಲ ಏಕೆ

ಕಾಂಕ್ರೀಟ್ ಒತ್ತಡಕ್ಕೆ ಶೂರ, ಎಳೆತಕ್ಕೆ ಬಡವ. ಕಂಬಿ ಹಾಕುವುದೇ ಆ ಎಳೆತವನ್ನು ಹೊರಲು. ಹಾಗಾದರೆ ಕಂಬಿ ಇಲ್ಲದ ಗೋಪುರಕ್ಕೆ ಇರುವ ಒಂದೇ ದಾರಿ ಎಂದರೆ ಗೋಡೆಯ ಯಾವ ಭಾಗಕ್ಕೂ ಎಳೆತ ಬರದಂತೆ ನೋಡಿಕೊಳ್ಳುವುದು. ಗಾಳಿ ಗೋಪುರವನ್ನು ಒಂದು ಕಡೆಯಿಂದ ತಳ್ಳಿದಾಗ ಗಾಳಿ ಬೀಸುವ ಕಡೆಯ ಗೋಡೆ ಮೇಲಕ್ಕೆಳೆಯಲ್ಪಡುತ್ತದೆ. ಆ ಗೋಡೆಯನ್ನು ಅದರದೇ ತೂಕ ಇನ್ನೂ ಹೆಚ್ಚು ಬಲದಿಂದ ಕೆಳಕ್ಕೆ ಅದುಮುತ್ತಿದ್ದರೆ ಬಿರುಕು ಬಿಡುವುದಿಲ್ಲ.

ಮೇಲಿನ ದುಂಡು ಅಂಕಿಗಳಲ್ಲೇ ಲೆಕ್ಕ ಹಾಕೋಣ. ಕಿಟಕಿಯ ಬಾಯಿಗಳನ್ನೂ ಪಕ್ಕಕ್ಕೆ ಅಂಟಿದ ಮೆಟ್ಟಿಲ ಗೋಪುರವನ್ನೂ ಸದ್ಯ ಬದಿಗಿಟ್ಟಿದೆ. ಗಾಳಿ ಸೆಕೆಂಡಿಗೆ 40 ಮೀಟರ್, ಅಂದರೆ ಗಂಟೆಗೆ 144 ಕಿ.ಮೀ. ವೇಗದಲ್ಲಿ ಬೀಸಿದರೆ ಚದರ ಮೀಟರಿಗೆ ಸುಮಾರು 100 ಕೆ.ಜಿ. ಒತ್ತಡ. ಚೌಕ ಆಕಾರಕ್ಕೆ ಹಿಂಬದಿಯ ಸೆಳೆತವೂ ಸೇರಿ ಅದರ ಒಂದೂವರೆ ಪಟ್ಟು, 150 ಕೆ.ಜಿ. ಎಂದು ಹಿಡಿಯಬಹುದು. 6 ಮೀಟರ್ ಅಗಲ, 66 ಮೀಟರ್ ಎತ್ತರದ ಮುಖಕ್ಕೆ ಒಟ್ಟು ತಳ್ಳು ಸುಮಾರು 60 ಟನ್. ಅದು ನಡು ಎತ್ತರದಲ್ಲಿ, 33 ಮೀಟರಿನಲ್ಲಿ ಕೂಡಿ ಬುಡವನ್ನು ತಿರುಗಿಸುತ್ತದೆ: 1,960 ಟನ್-ಮೀಟರ್. ಇದನ್ನು 1,500 ಟನ್ ತೂಕದಿಂದ ಭಾಗಿಸಿದರೆ 1.3 ಮೀಟರ್. ಗಾಳಿಯಿಂದಾಗಿ ಭಾರದ ನಡು ಬಿಂದು ಬುಡದಲ್ಲಿ ಅಷ್ಟು ಪಕ್ಕಕ್ಕೆ ಸರಿಯುತ್ತದೆ.

ಈ ಅಳತೆಯ ಟೊಳ್ಳು ಚೌಕಕ್ಕೆ ಎಳೆತ ಬಾರದ ಮಿತಿ 1.64 ಮೀಟರ್. 1.3 ಅದರೊಳಗೇ ಇದೆ. ಅಂಕಿಯಲ್ಲಿ ಹೇಳುವುದಾದರೆ, ಗಾಳಿ ಇಲ್ಲದಾಗ ಬುಡದ ಗೋಡೆಯ ಮೇಲೆ ಚದರ ಸೆಂ.ಮೀ.ಗೆ 11.6 ಕೆ.ಜಿ. ಒತ್ತಡ. ಬಿರುಗಾಳಿಯಲ್ಲಿ ಗಾಳಿಯ ಮರೆಯ ಬದಿಗೆ ಅದು 20.8ಕ್ಕೆ ಏರುತ್ತದೆ, ಗಾಳಿಯ ಎದುರು ಬದಿಗೆ 2.4ಕ್ಕೆ ಇಳಿಯುತ್ತದೆ. ಇಳಿದರೂ ಅದು ಒತ್ತಡವೇ, ಎಳೆತವಲ್ಲ. ಆ ಕಾಲದ ಸಾಧಾರಣ ಕಾಂಕ್ರೀಟೂ ಚದರ ಸೆಂ.ಮೀ.ಗೆ 100 ಕೆ.ಜಿ. ತಾಳಬಲ್ಲದು. ಹಾಗಾಗಿ ಪುಡಿಯಾಗುವ ಭಯವೂ ಇಲ್ಲ.

ಗೋಡೆ ಮೇಲಕ್ಕೆ ತೆಳುವಾದದ್ದು ಉಳಿತಾಯಕ್ಕಷ್ಟೇ ಅಲ್ಲ. ನಡು ಎತ್ತರದಲ್ಲಿ ಇದೇ ಲೆಕ್ಕ ಹಾಕಿದರೆ ಭಾರ ಸರಿಯುವುದು 0.8 ಮೀಟರ್, ಮಿತಿ 1.72. ಮೇಲೆ ಹೋದಂತೆ ಗೋಪುರ ಇನ್ನೂ ನಿಶ್ಚಿಂತ. ಪರೀಕ್ಷೆ ಇರುವುದು ಬುಡಕ್ಕೆ. ಅಲ್ಲೂ ಇಡೀ ಮುಖಕ್ಕೆ ಒಂದೇ ಸಲ ಗಂಟೆಗೆ 160 ಕಿ.ಮೀ. ಗಾಳಿ ಬಡಿದರಷ್ಟೇ ಮಿತಿ ಮುಟ್ಟುತ್ತದೆ. ನಿಜವಾದ ಗಾಳಿಯ ಹೊಡೆತ ಎತ್ತರದ ಉದ್ದಕ್ಕೂ ಒಂದೇ ಕ್ಷಣಕ್ಕೆ ಬೀಳುವುದಿಲ್ಲ. ದಕ್ಷಿಣ ಇಂಗ್ಲೆಂಡಿನ ಮರಗಳನ್ನು ಬುಡಸಮೇತ ಕಿತ್ತ 1987ರ ಅಕ್ಟೋಬರ್ 16ರ ಬಿರುಗಾಳಿ, 1990ರ ಜನವರಿ 25ರ ಬಿರುಗಾಳಿ ಎರಡನ್ನೂ ದಾಟಿ ಗೋಪುರ ನಿಂತಿದೆ.

ಪಾಯದ ವಿಷಯ ಚಿಕ್ಕದು. 1,500 ಟನ್ನನ್ನು 6 ಮೀಟರ್ ಚೌಕದ ಮೇಲೇ ಇಳಿಸಿದರೆ ಚದರ ಮೀಟರಿಗೆ 42 ಟನ್. ಪಾಯವನ್ನು 8 ಮೀಟರ್ ಚೌಕಕ್ಕೆ ಹರಡಿದರೆ 23 ಟನ್. ಒತ್ತಾಗಿ ಕೂತ ಜಲ್ಲಿ ನೆಲಕ್ಕೆ ಇದು ಹೊರಬಲ್ಲ ಭಾರ. ಇದೇ ಗೋಪುರವನ್ನು ಮೆತ್ತನೆಯ ಜೇಡಿಮಣ್ಣಿನ ಮೇಲೆ ಕಟ್ಟಿದ್ದರೆ ವಾಲುವ ಅಪಾಯ ಇರುತ್ತಿತ್ತು.

ಕಬ್ಬಿಣ ಇರುವಲ್ಲೇ ಕೇಡು

ಕಂಬಿ ಇಲ್ಲದ್ದು ಕೊರತೆ ಎಂದೇ ಎಲ್ಲರೂ ಮಾತಾಡುತ್ತಾರೆ. ಬಾಳಿಕೆಯ ದೃಷ್ಟಿಯಿಂದ ಅದೇ ಈ ಗೋಪುರದ ದೊಡ್ಡ ಭಾಗ್ಯ. ಗಾಳಿಯ ಇಂಗಾಲದ ಡೈ ಆಕ್ಸೈಡ್ ವರ್ಷ ವರ್ಷ ಕಾಂಕ್ರೀಟಿನೊಳಗೆ ಇಳಿದು ಅದರ ಕ್ಷಾರ ಗುಣವನ್ನು ಕಳೆಯುತ್ತದೆ. ಕ್ಷಾರ ಹೋದ ಕಡೆ ಕಬ್ಬಿಣಕ್ಕೆ ರಕ್ಷಣೆ ಇಲ್ಲ. ತುಕ್ಕು ಹಿಡಿದ ಕಬ್ಬಿಣ ಮೂಲ ಗಾತ್ರದ ಎರಡು ಪಟ್ಟಿಗೂ ಮೀರಿ ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರತಳ್ಳುತ್ತದೆ. ಇಪ್ಪತ್ತನೇ ಶತಮಾನದ ಎಷ್ಟೋ ಕಂಬಿ ಕಟ್ಟಡಗಳು ಅರವತ್ತು ವರ್ಷಕ್ಕೇ ಚಕ್ಕೆ ಚಕ್ಕೆಯಾಗಿ ಉದುರುವುದು ಈ ಕಾರಣಕ್ಕೆ. ಸ್ವೇ ಗೋಪುರದ ಗೋಡೆಯಲ್ಲಿ ಉಬ್ಬಲು ಕಬ್ಬಿಣವೇ ಇಲ್ಲ.

ಕಿಟಕಿಗಳಲ್ಲಿದೆ. ಇಂಥ ಕಿಟಕಿಯ ಒಂದು ಮೂಲೆಯನ್ನು ಹತ್ತಿರದಿಂದ ಕಲ್ಪಿಸಿಕೊಳ್ಳಿ. ಕಬ್ಬಿಣದ ಪಟ್ಟಿ ಗೋಡೆಗೆ ಹೊಕ್ಕ ಜಾಗದಲ್ಲಿ ಮೊದಲು ಕಾಣುವುದು ಕಂದು ಬಣ್ಣದ ಒಂದು ಕಣ್ಣೀರ ಗೆರೆ. ಕೆಲವು ವರ್ಷಕ್ಕೆ ಪಟ್ಟಿಯ ಉದ್ದಕ್ಕೇ ಕೂದಲೆಳೆಯ ಸೀಳು. ಮಳೆನೀರು ಆ ಸೀಳಿಗೆ ಇಳಿದು ಚಳಿಗಾಲದಲ್ಲಿ ಹೆಪ್ಪುಗಟ್ಟಿ ಅದನ್ನು ಅಗಲಿಸುತ್ತದೆ. ಬೆರಳಲ್ಲಿ ತಟ್ಟಿದರೆ ಟೊಳ್ಳು ಸದ್ದು. ಅದರ ಮುಂದಿನ ಹಂತದಲ್ಲಿ ಅಂಗೈಯಗಲದ ಚಕ್ಕೆ 40 ಮೀಟರ್ ಎತ್ತರದಿಂದ ಕೆಳಗೆ ಬೀಳುತ್ತದೆ. ಕಿಟಕಿಯ ಮೂಲೆ ಹೇಗೂ ಒತ್ತಡ ಕೂಡುವ ಜಾಗ, ಅಲ್ಲೇ ಕಬ್ಬಿಣವೂ ಇದ್ದರೆ ಕೇಡಿಗೆ ಎರಡು ಬಾಗಿಲು.

ಇಂಥ ಗೋಪುರವನ್ನು ನೋಡಿಕೊಳ್ಳುವವರು ಅನುಸರಿಸಬೇಕಾದ ಕ್ರಮ ಇದು. ಮೊದಲು ಹಗ್ಗದಲ್ಲಿ ಇಳಿದು ನಾಲ್ಕೂ ಮುಖವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ, ಟೊಳ್ಳು ಸದ್ದಿನ ಜಾಗವನ್ನು ಸೀಮೆಸುಣ್ಣದಲ್ಲಿ ಗುರುತಿಸಬೇಕು. ಡ್ರೋನ್ ಚಿತ್ರ ಬಿರುಕನ್ನು ತೋರಿಸುತ್ತದೆ, ಟೊಳ್ಳನ್ನು ತೋರಿಸುವುದಿಲ್ಲ. ಒಡೆದ ಹೊಸ ಮೈಗೆ ಫಿನಾಲ್ಫ್ಥಲೀನ್ ಸಿಂಪಡಿಸಿದರೆ ಕ್ಷಾರ ಉಳಿದ ಕಡೆ ಗಾಢ ಗುಲಾಬಿ ಬರುತ್ತದೆ, ಹೋದ ಕಡೆ ಬಣ್ಣ ಬರುವುದಿಲ್ಲ. ಕಬ್ಬಿಣ ಎಷ್ಟು ಅಪಾಯದಲ್ಲಿದೆ ಎಂದು ಬಣ್ಣ ಬಂದ, ಬಾರದ ಭಾಗಗಳ ನಡುವಿನ ಗೆರೆಯ ಆಳದಿಂದ ತಿಳಿಯುತ್ತದೆ. ಬಿರುಕುಗಳಿಗೆ ಅಳತೆಪಟ್ಟಿ ಅಂಟಿಸಿ ಒಂದು ವರ್ಷವಿಡೀ ಓದಬೇಕು.

ಓದುವ ಹೊತ್ತು ಒಂದೇ ಇರಬೇಕು, ಬೆಳಗಿನ ಜಾವವಾದರೆ ಒಳ್ಳೆಯದು. ಬಿಸಿಲು ಬಿದ್ದ ಮುಖ ನೆರಳಿನ ಮುಖಕ್ಕಿಂತ 5 ಡಿಗ್ರಿ ಬೆಚ್ಚಗಾದರೆ ಸಾಕು, ಈ ಎತ್ತರದ ಗೋಪುರದ ತುದಿ ಬಿಸಿಲಿನಿಂದ ಆಚೆಗೆ ಸುಮಾರು 2 ಸೆಂ.ಮೀ. ಬಾಗುತ್ತದೆ. ಮಧ್ಯಾಹ್ನ ತೂಗುಗುಂಡು ಬಿಟ್ಟು ನೋಡಿ ‘ವಾಲುತ್ತಿದೆ’ ಎಂದು ಗಾಬರಿಯಾಗುವುದು ಹೀಗೆಯೇ.

ದುರಸ್ತಿಯಲ್ಲಿ ಹೆಚ್ಚು ಹಾಳುಮಾಡುವುದು ಅತಿ ಗಟ್ಟಿ ಗಾರೆ. ಹಳೆಯ ಕಾಂಕ್ರೀಟಿಗಿಂತ ಬಲವಾದ ಹೊಸ ತೇಪೆ ಚಳಿಗೂ ಬಿಸಿಲಿಗೂ ಬೇರೆಯಾಗಿ ಹಿಗ್ಗಿ ಕುಗ್ಗಿ, ತಾನು ಉಳಿದು ಪಕ್ಕದ ಹಳೆಯದನ್ನು ಒಡೆಯುತ್ತದೆ. ತೇಪೆಯ ಬಲ ಹಳೆಯದಕ್ಕೆ ಸಮ ಅಥವಾ ತುಸು ಕಡಿಮೆ ಇರಬೇಕು. ಕೆಟ್ಟ ಭಾಗವನ್ನು ಚೌಕವಾಗಿ ಕತ್ತರಿಸಬೇಕು, ಅಂಚು ಕನಿಷ್ಠ 10 ಮಿ.ಮೀ. ಆಳ, ಅಂಚಿಗೆ ತೆಳ್ಳಗೆ ಸವರಿ ಮುಗಿಸಿದ ತೇಪೆ ಎರಡು ಚಳಿಗಾಲ ತಾಳುವುದಿಲ್ಲ. ಕಬ್ಬಿಣದ ಹಿಂದಕ್ಕೂ 25 ಮಿ.ಮೀ. ಬಿಡಿಸಿ, ಸಾಧ್ಯವಾದರೆ ಹಳೆಯದನ್ನು ತೆಗೆದು 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಕೂರಿಸಬೇಕು. ಮರಳು, ಜಲ್ಲಿ ಊರಿನದೇ ಆಗಿದ್ದರೆ ಬಣ್ಣ ಹೊಂದುತ್ತದೆ. ಹಲಗೆಯ ಅಚ್ಚು ಒತ್ತಿದರೆ ಮೈಯೂ ಹೊಂದುತ್ತದೆ. 5 ಡಿಗ್ರಿಗಿಂತ ಕಡಿಮೆ ಚಳಿಯಲ್ಲಿ ಕೆಲಸ ಬೇಡ. ಒದ್ದೆ ಗೋಣಿ ಹೊದಿಸಿ ಏಳು ದಿನ ನೀರುಣಿಸಬೇಕು.

ನೀರು ನುಗ್ಗದಿರಲಿ ಎಂದು ಇಡೀ ಗೋಪುರಕ್ಕೆ ಪ್ಲಾಸ್ಟಿಕ್‌ನಂಥ ಬಣ್ಣ ಬಳಿಯುವ ಆಸೆ ಹುಟ್ಟುತ್ತದೆ. ಅದು ಖಂಡಿತ ಕೂಡದು. ಬೆಸುಗೆಯಿಂದ ಹೇಗೂ ನುಗ್ಗುವ ನೀರು ಹೊರಗೆ ಆರಲಾಗದೆ ಬಣ್ಣದ ಹಿಂದೆ ಹೆಪ್ಪುಗಟ್ಟಿ ಮೈಯನ್ನೇ ಸುಲಿದುಹಾಕುತ್ತದೆ. ಸಿಡಿಲಿನ ವಿಷಯವೂ ನೀರಿನದೇ. ಕಂಬಿ ಇಲ್ಲದ ಗೋಡೆಯಲ್ಲಿ ಸಿಡಿಲಿಗೆ ಲೋಹದ ದಾರಿ ಸಿಗದೆ ಅದು ಒದ್ದೆ ಬೆಸುಗೆ ಹಿಡಿದು ಇಳಿಯುತ್ತದೆ, ಅಲ್ಲಿನ ನೀರು ಆವಿಯಾಗಿ ಸಿಡಿಯುತ್ತದೆ. ತಾಮ್ರದ ಇಳಿಪಟ್ಟಿ ಕನಿಷ್ಠ ಎರಡಿರಬೇಕು, ಭೂಮಿಗೆ ರೋಧ 10 ಓಮ್ ಒಳಗಿರಬೇಕು, ಪಟ್ಟಿ ಹಿಡಿಯುವ ಕೊಕ್ಕೆಗಳು ಕಬ್ಬಿಣದವಾಗಿರಬಾರದು. ಗೋಪುರ ಗ್ರೇಡ್ 2 ಪಟ್ಟಿಯಲ್ಲಿರುವ ಸಂರಕ್ಷಿತ ಕಟ್ಟಡ. ಅದರ ಸ್ವರೂಪಕ್ಕೆ ಧಕ್ಕೆ ತರುವ ಕೆಲಸವನ್ನು ಅನುಮತಿ ಇಲ್ಲದೆ ಮಾಡುವುದು ಅಲ್ಲಿನ ಕಾನೂನಿನಲ್ಲಿ ಅಪರಾಧ.

ಹತ್ತದ ದೀಪ

ಐದನೆಯ ಕಥೆ ಎಲ್ಲಕ್ಕಿಂತ ಆಪ್ತವಾದದ್ದು. ಗೋಪುರ ತನ್ನ ಸಮಾಧಿಯಾಗಬೇಕು, ತುದಿಯಲ್ಲಿ ನಂದಾದೀಪ ಉರಿಯಬೇಕು ಎಂದು ಪೀಟರ್ಸನ್ ಬಯಸಿದ್ದರು. ದೀಪಕ್ಕೆ ಅಡ್ಡ ಬಂದದ್ದು ಟ್ರಿನಿಟಿ ಹೌಸ್, ಇಂಗ್ಲೆಂಡಿನ ದೀಪಸ್ತಂಭಗಳ ಹೊಣೆ ಹೊತ್ತ ಸಂಸ್ಥೆ. ನಾವಿಕರಿಗೆ ದಾರಿ ತಪ್ಪುತ್ತದೆ ಎಂದು ಅದು ಒಪ್ಪಲಿಲ್ಲ.

ಆ ನಿರಾಕರಣೆ ಸಣ್ಣತನದ್ದಲ್ಲ. ಗೋಪುರದ ದಕ್ಷಿಣಕ್ಕೆ ಸೊಲೆಂಟ್ ಜಲಸಂಧಿಯ ಪಶ್ಚಿಮದ ಬಾಯಿ ಇದೆ. ಒಂದು ಕಡೆ ನೀಡಲ್ಸ್ ಬಂಡೆಗಳು, ಅವುಗಳ ತುದಿಯಲ್ಲಿ 1859ರ ದೀಪಸ್ತಂಭ. ಇನ್ನೊಂದು ಕಡೆ ಹರ್ಸ್ಟ್‌ನ ಉರುಟುಗಲ್ಲಿನ ದಿಣ್ಣೆ, ಅಲ್ಲೂ ದೀಪಗಳು. ರಾತ್ರಿ ಬರುವ ಹಡಗಿನವರು ಈ ದೀಪಗಳನ್ನು ಒಂದಕ್ಕೊಂದು ಹೊಂದಿಸಿ ನೋಡಿಯೇ ಕಿರಿದಾದ ಆ ಬಾಯಿ ಹೊಕ್ಕಬೇಕು. 66 ಮೀಟರ್ ಎತ್ತರದ ದೀಪ, ನೆಲದ ಎತ್ತರ ಲೆಕ್ಕಕ್ಕಿಡದೆಯೇ, 29 ಕಿ.ಮೀ. ದೂರದ ದಿಗಂತದವರೆಗೆ ಕಾಣುತ್ತದೆ. ನಕ್ಷೆಯಲ್ಲಿ ಇಲ್ಲದ, ಕರಾವಳಿಯಿಂದ ಒಳಗಿರುವ ಒಂದು ಸ್ಥಿರ ಬೆಳಕನ್ನು ದೀಪಸ್ತಂಭ ಎಂದು ತಿಳಿದು ಹೊಂದಿಸಿದವರು ಬಂಡೆಗೆ ಹೋಗಿ ಬಡಿಯುತ್ತಿದ್ದರು.

ಸಮಾಧಿಯ ಭಾಗ ಮಾತ್ರ ಅರ್ಧ ನಡೆಯಿತು. 1906ರಲ್ಲಿ, 93ರ ವಯಸ್ಸಿನಲ್ಲಿ ಪೀಟರ್ಸನ್ ತೀರಿಕೊಂಡರು. ದಹನ ಮಾಡಿ ಬೂದಿಯನ್ನು ಗೋಪುರದಲ್ಲೇ ಇಟ್ಟರು. ಇಂಗ್ಲೆಂಡಿನಲ್ಲಿ ಆಗ ಹೆಣ ಸುಡುವುದೇ ಹೊಸತು, ಅದಕ್ಕೆ ಕಾನೂನು ಬಂದು ನಾಲ್ಕು ವರ್ಷವಾಗಿತ್ತಷ್ಟೇ. ಕಲ್ಕತ್ತೆಯ ಘಾಟುಗಳನ್ನು ಕಂಡವರಿಗೆ ಅದು ಅಪರಿಚಿತವಾಗಿರಲಾರದು. ಅರ್ಧ ಶತಮಾನ ಬೂದಿ ಅಲ್ಲಿತ್ತು. 1957ರಲ್ಲಿ ಅದನ್ನು ಹೊರತಂದು ಸ್ವೇ ಚರ್ಚಿನ ಅಂಗಳದಲ್ಲಿ ಹೆಂಡತಿಯ ಸಮಾಧಿಯ ಜೊತೆಗಿಟ್ಟರು.